ಒಂದು ಚೀಲ ಅಡಿಕೆ, ಮೂವರು ಹುಡುಗರು, ಮೂರು ದಾರಿ

ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ ಯಾವುದೋ ಒಂದು ಹಳ್ಳಿ ಅಂತಿಟ್ಟುಕೊಳ್ಳಿ. ಫೆಬ್ರುವರಿ ತಿಂಗಳು. ಅಂಗಳದ ತುಂಬ ಅಡಿಕೆ ಹರಡಿದೆ. ಇಬ್ಬನಿ ಬೀಳುತ್ತದೆಂದು ಮೇಲೆ ಟಾರ್ಪಾಲು ಎಳೆದು, ಅಂಚಿಗೆ ಕಲ್ಲು ಹೇರಿ ಮನೆಯವರು ಮಲಗಿದ್ದಾರೆ. ನಡುರಾತ್ರಿ ಮೂವರು ಬಂದು ಕಲ್ಲು ಸರಿಸಿ, ಕೈಗೆ ಸಿಕ್ಕಷ್ಟನ್ನು ಗೋಣಿಚೀಲಕ್ಕೆ ತುಂಬಿ, ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು ಪರಾರಿ. ಎರಡು ದಿನ ಬಿಟ್ಟು ಮಾರಲು ಹೋದಲ್ಲಿ ವ್ಯಾಪಾರಿಗೆ ಅನುಮಾನ ಬಂತು. ಹತ್ತು ಮರ ಅಡಿಕೆಯೂ ಇಲ್ಲದ ಮನೆಯ ಹುಡುಗರ ಕೈಯಲ್ಲಿ ಅರೆಬರೆ ಒಣಗಿದ ಚಾಲಿ (ಬಿಸಿಲಿಗೆ ಒಣಗಿಸುವ ಅಡಿಕೆ) ಎಲ್ಲಿಂದ ಬಂತು? ಸಿಕ್ಕಿಬಿದ್ದರು. ಒಬ್ಬನಿಗೆ 17 ವರ್ಷ, ಇನ್ನೊಬ್ಬನಿಗೆ 20, ಮತ್ತೊಬ್ಬನಿಗೆ 23.

ಈ ಮೂವರು ನನ್ನ ಕಲ್ಪನೆಯವರು. ಅಡಿಕೆ ಕಳವು ಕಲ್ಪನೆಯಲ್ಲ ಎಂದು ಘಟ್ಟದ ಮೇಲಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಇಂಥ ಪ್ರಕರಣದ ಬಳಿಕ ಚಹಾದಂಗಡಿಯಲ್ಲಿ ಕೇಳುವ ಮಾತು ಒಂದೇ: "ಆ ಸಣ್ಣ ಮಾಣಿಯನ್ನು (ಹುಡುಗನನ್ನು) ಬಿಟ್ಟೇಬಿಟ್ಟರಂತೆ." ನಿಜಕ್ಕೂ ಬಿಟ್ಟರೇ? ಕಾನೂನಿನ ಪುಸ್ತಕ ಬಿಡಿಸಿ ನೋಡಿದರೆ, ಜೈಲಿಗೆ ಹೋದವನ ಲೆಕ್ಕ ಕೆಲವು ತಿಂಗಳಲ್ಲಿ ಚುಕ್ತಾ ಆಗಬಹುದು. 'ಬಿಟ್ಟವನ' ಲೆಕ್ಕ ಮೂರು ವರ್ಷ ಎಳೆಯಬಹುದು. ಆ ಮೂರು ವರ್ಷಕ್ಕೆ ಏನಾದರೂ ಅರ್ಥ ಬರುವುದು, ಅವನ ಮನೆಯ ಜಗಲಿಗೆ ಬಂದು ಕೂತು ವಿಚಾರಿಸುವ ಒಬ್ಬ ಮನುಷ್ಯ ಇದ್ದಾಗ ಮಾತ್ರ.

ಮೊದಲು 17ರವನ ಕಥೆ. ಅವನಿಗೆ ಅನ್ವಯಿಸುವುದು 2015ರ ಬಾಲ ನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಯಲ್ಲಿರುವ ಕಾಯ್ದೆ ಇದು. ಕಳವಾದ ರಾತ್ರಿ ಅವನಿಗೆ 18 ತುಂಬಿರಲಿಲ್ಲ ಎಂದರೆ ಸಾಕು, ಪ್ರಕರಣ ಮುಗಿಯುವಾಗ ಮೀಸೆ ತಿರುವುತ್ತಿದ್ದರೂ ಕಾನೂನಿನ ಕಣ್ಣಿಗೆ ಅವನು ಮಗುವೇ. ವಯಸ್ಸಿನ ಬಗ್ಗೆ ತಕರಾರು ಬಂದರೆ ಮೊದಲು ನೋಡುವುದು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಒಂದನೇ ತರಗತಿಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ಜನ್ಮದಿನಾಂಕಕ್ಕೆ ಇಷ್ಟು ತೂಕವಿದೆ ಎಂದು ಆವತ್ತು ಯಾರಿಗೆ ಹೊಳೆದಿರುತ್ತದೆ?

ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. ಕೈಕೋಳ ಕೂಡದು. ಅವನ ಜತೆ ವ್ಯವಹರಿಸಬೇಕಾದವರು ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ಅದೂ ಸಮವಸ್ತ್ರವಿಲ್ಲದೆ. ಸಣ್ಣಪುಟ್ಟ ಅಪರಾಧವಾದರೆ ಸಾಮಾನ್ಯವಾಗಿ ಎಫ್‌ಐಆರ್ ಕೂಡ ಇಲ್ಲ, ಠಾಣೆಯ ದಿನಚರಿಯಲ್ಲಿ ಬರೆದುಕೊಂಡರೆ ಸಾಕು ಎನ್ನುತ್ತವೆ 2016ರ ಮಾದರಿ ನಿಯಮಗಳು. ಆದರೆ ನಮ್ಮ ಮಾಣಿ ದೊಡ್ಡವರಿಬ್ಬರ ಜತೆ ಸೇರಿದ್ದರಿಂದ ಎಫ್‌ಐಆರ್ ಆಗುತ್ತದೆ. ಹಾಗಿದ್ದರೂ ಮೂವರನ್ನೂ ಒಟ್ಟಿಗೆ ನಿಲ್ಲಿಸಿ ವಿಚಾರಣೆ ನಡೆಸುವ ಹಾಗಿಲ್ಲ. ದೊಡ್ಡವರ ಕಡತ ಮ್ಯಾಜಿಸ್ಟ್ರೇಟ್ ಕೋರ್ಟಿಗೆ, ಇವನದು ಬಾಲ ನ್ಯಾಯ ಮಂಡಳಿಗೆ.

ಹಿಡಿದ 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬಿಟ್ಟು. ಈ 'ಪ್ರಯಾಣದ ಸಮಯ ಬಿಟ್ಟು' ಎಂಬ ಮಾತನ್ನು ಬರೆದವರ ಕಣ್ಣಮುಂದೆ ಉತ್ತರ ಕನ್ನಡವೇ ಇತ್ತೇನೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಮಂಡಳಿಯಲ್ಲಿ ಮೂವರು: ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಅದು ಕೋರ್ಟಿನ ಹಾಗೆ ಕಾಣಬಾರದು ಎಂಬುದೇ ನಿಯಮ. ಎತ್ತರದ ವೇದಿಕೆ ಇಲ್ಲ, ಕಟಕಟೆ ಇಲ್ಲ. ಹುಡುಗನ ಎದುರಿಗೆ ಕೂತು ಮಾತಾಡುವ ವ್ಯವಸ್ಥೆ. ಭಾಷೆಯಲ್ಲೂ ಮಡಿ ಇದೆ. ಆರೋಪಿ, ಬಂಧನ, ಶಿಕ್ಷೆ ಇಂಥ ಮಾತುಗಳು ಅಲ್ಲಿ ನಡೆಯುವುದಿಲ್ಲ. 'ಬಾಲಾಪರಾಧಿ' ಎಂಬ ಮಾತನ್ನು ಕಾನೂನು ಬಿಟ್ಟು ಎಷ್ಟೋ ವರ್ಷವಾಯಿತು. ಈಗ 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು'. ಉಚ್ಚರಿಸುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆ, ಒಪ್ಪುತ್ತೇನೆ. ಆದರೂ ಹಣೆಗೆ ಹಚ್ಚಿದ ಹೆಸರು ಸುಲಭಕ್ಕೆ ಅಳಿಸುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ.

ಜಾಮೀನು ಇಲ್ಲಿ ರೂಢಿ, ನಿರಾಕರಣೆ ಅಪವಾದ. ಬಿಟ್ಟರೆ ಮತ್ತೆ ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಇಲ್ಲವೇ ನ್ಯಾಯದ ಉದ್ದೇಶವೇ ಹಾಳಾಗುತ್ತದೆ ಎಂದು ಮಂಡಳಿಗೆ ಕಂಡರೆ ಮಾತ್ರ ವೀಕ್ಷಣಾಲಯಕ್ಕೆ, ಅಂದರೆ ವಿಚಾರಣೆ ನಡೆಯುವಾಗ ಇಂಥ ಮಕ್ಕಳನ್ನು ಇರಿಸುವ ಮನೆಗೆ, ಕಳಿಸುತ್ತಾರೆ. ಜಾಮೀನು ಸಿಕ್ಕಿಯೂ ಅದರ ಷರತ್ತು ಪೂರೈಸಲು ಆಗದೆ ಏಳು ದಿನ ಕಳೆದರೆ ಷರತ್ತು ಬದಲಿಸಲು ಅವನನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ಜಾಮೀನಿಗೆ ನಿಲ್ಲುವ ಪಹಣಿದಾರ ಸಿಗದ ಮನೆಗಳಿಗೆ ಇದು ದೊಡ್ಡ ಆಸರೆ, ಗೊತ್ತಿದ್ದರೆ.

ಇನ್ನು ಬರುವವರು ಪರಿವೀಕ್ಷಣಾಧಿಕಾರಿ, ಜನರ ಬಾಯಲ್ಲಿ ಪ್ರೊಬೇಷನ್ ಆಫೀಸರ್. ಎರಡು ವಾರದೊಳಗೆ ಅವರು ಹುಡುಗನ ಸಾಮಾಜಿಕ ತನಿಖಾ ವರದಿ ಕೊಡಬೇಕು. ಈ ವರದಿಯನ್ನು ಪೊಲೀಸ್ ತನಿಖೆಯ ಜತೆ ಬೆರೆಸಬಾರದು. ಪೊಲೀಸರು ಕೇಳುವುದು ಆ ರಾತ್ರಿಯ ವಿಷಯ, ಇವರು ಕೇಳುವುದು ಅದಕ್ಕಿಂತ ಹಿಂದಿನ ಹದಿನೇಳು ವರ್ಷದ್ದು.

ಅವರು ಬಂದ ದಿನವನ್ನು ಕಣ್ಣಮುಂದೆ ತಂದುಕೊಳ್ಳಿ. ಮಾಣಿಯ ಅಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಜಗಲಿಯಲ್ಲಿ ಹಾಕುತ್ತಾಳೆ, ಕೇಳದಿದ್ದರೂ ಕಷಾಯ ಬರುತ್ತದೆ. ಅಪ್ಪ ಬೇರೆಯವರ ತೋಟದಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಯುವವ; ಎರಡು ವರ್ಷದ ಹಿಂದೆ ಮರದಿಂದ ಬಿದ್ದು ಸೊಂಟ ಹೋಗಿದೆ. ಪಿಯುಸಿಗೆ ಸೇರಿದ್ದ ಹುಡುಗ ಯಾಕೆ ಬಿಟ್ಟ? ಸಂಜೆಯ ಬಸ್ಸು ತಪ್ಪಿದರೆ ಏಳು ಕಿಲೋಮೀಟರ್ ನಡೆಯಬೇಕಿತ್ತು ಎನ್ನುತ್ತಾಳೆ ಅಮ್ಮ. ಹಾಗಲ್ಲ, ಬೈಕ್ ಇದ್ದವರ ಜತೆ ತಿರುಗಲು ಶುರುಮಾಡಿದ ಮೇಲೆ ಬಿಟ್ಟ ಎನ್ನುತ್ತಾನೆ ಪಕ್ಕದ ಮನೆಯವ, ಧ್ವನಿ ತಗ್ಗಿಸಿ. ಅಧಿಕಾರಿ ಎರಡನ್ನೂ ಬರೆದುಕೊಳ್ಳಬೇಕು. ಗುಟ್ಕಾ, ಸಾರಾಯಿ, ಗಾಂಜಾ ಅಭ್ಯಾಸ ಇದೆಯೇ? ಮನೆಯಲ್ಲಿ ಹೊಡೆತ ಬಡಿತ ಇತ್ತೇ? ಶಾಲೆಯಲ್ಲಿ ಯಾವ ಮಾಸ್ತರರ ಮಾತು ಕೇಳುತ್ತಿದ್ದ? ರಿಪೇರಿ, ವೈರಿಂಗ್, ಡ್ರೈವಿಂಗ್, ಯಾವ ಕೆಲಸದಲ್ಲಿ ಕೈ ಓಡುತ್ತದೆ? ಆದೇಶದ ಅಸಲಿ ಬೀಜ ಈ ಹಾಳೆಗಳಲ್ಲಿದೆ. ಅಧಿಕಾರಿ ಜಗಲಿಗೇ ಬಾರದೆ, ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ ನಮೂನೆ ತುಂಬಿದರೆ ಮಂಡಳಿಯ ಕೈಗೆ ಸಿಗುವುದು ಬರೀ ಕಾಗದ. ಎಲ್ಲ ಹುಡುಗರಿಗೂ ಒಂದೇ ಅಳತೆಯ ಅಂಗಿ ಹೊಲಿದ ಹಾಗೆ ಆದೇಶ ಬರುತ್ತದೆ.

ವಿಚಾರಣೆಗೆ ನಾಲ್ಕು ತಿಂಗಳ ಗಡುವು, ಕಾರಣ ಬರೆದು ಇನ್ನೆರಡು ತಿಂಗಳು. ಗರಿಷ್ಠ ಶಿಕ್ಷೆ ಮೂರು ವರ್ಷದವರೆಗಿನ ಸಣ್ಣ ಅಪರಾಧವಾದರೆ, ಅಷ್ಟರೊಳಗೂ ಮುಗಿಯದಿದ್ದಲ್ಲಿ ಪ್ರಕರಣವೇ ರದ್ದು. ತಪ್ಪು ಮಾಡಿದ್ದು ಹೌದು ಎಂದಾದರೆ 18ನೇ ಕಲಂ ಬಾಗಿಲು ತೆರೆಯುತ್ತದೆ. ಬುದ್ಧಿಮಾತು ಹೇಳಿ, ಅಪ್ಪ ಅಮ್ಮನಿಗೂ ಆಪ್ತಸಮಾಲೋಚನೆ ಕೊಟ್ಟು ಮನೆಗೆ ಕಳಿಸಬಹುದು. ಗುಂಪು ಸಮಾಲೋಚನೆಗೆ ಹಚ್ಚಬಹುದು. ಸಮುದಾಯ ಸೇವೆ ಮಾಡಿಸಬಹುದು, ದಂಡ ಹಾಕಬಹುದು. ತಂದೆತಾಯಿಯ ಅಥವಾ ಒಂದು ಯೋಗ್ಯ ಸಂಸ್ಥೆಯ ಸುಪರ್ದಿನಲ್ಲಿ, ಮೂರು ವರ್ಷ ಮೀರದ ಹಾಗೆ, ಸದ್ವರ್ತನೆಯ ಪ್ರೊಬೇಷನ್ ಮೇಲೆ, ಅಂದರೆ ನಡತೆಯ ಮೇಲೆ ನಿಗಾ ಇಟ್ಟು, ಬಿಡಬಹುದು. ಕಟ್ಟಕಡೆಗೆ ಇಂಥ ಮಕ್ಕಳನ್ನು ಇರಿಸಿಕೊಂಡು ತಿದ್ದುವ ವಿಶೇಷ ಗೃಹ, ಅದೂ ಮೂರು ವರ್ಷ ಮೀರದಂತೆ. ಇವುಗಳ ಮೇಲೆ ಒಗ್ಗರಣೆ ಎಂಬಂತೆ ಶಾಲೆಗೆ ಹೋಗು, ಕಸುಬು ಕಲಿ, ಇಂಥ ಜಾಗಕ್ಕೆ ಕಾಲಿಡಬೇಡ, ವ್ಯಸನಮುಕ್ತಿ ಚಿಕಿತ್ಸೆ ತಗೋ ಎಂಬ ಷರತ್ತುಗಳನ್ನೂ ಸೇರಿಸಬಹುದು.

ಸಮುದಾಯ ಸೇವೆ 14 ದಾಟಿದವರಿಗೆ ಮಾತ್ರ. ನಿಯಮಗಳು ಕೊಡುವ ಉದಾಹರಣೆಗಳು ಉದ್ಯಾನ ಸ್ವಚ್ಛ ಮಾಡುವುದು, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವು, ಸಂಚಾರ ಸ್ವಯಂಸೇವೆ ಇತ್ಯಾದಿ. ಕಾರವಾರದಲ್ಲಾದರೆ ಟ್ಯಾಗೋರ್ ಕಡಲತೀರದ ಕಸ ಹೆಕ್ಕಿಸಬಹುದು ಎಂದು ಯಾರಿಗಾದರೂ ಥಟ್ಟನೆ ಹೊಳೆಯುತ್ತದೆ. ಆದರೆ ಹುಡುಗನ ಗುರುತು ಬಯಲಾಗಬಾರದು ಎನ್ನುತ್ತದೆ 74ನೇ ಕಲಂ, ಮೀರಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಭಾನುವಾರ ಸಂಜೆ ಊರೆಲ್ಲ ಗಾಳಿ ಸೇವನೆಗೆ ಬರುವ ಬೀಚಿನಲ್ಲಿ ಅವನ ಕೈಗೆ ಪೊರಕೆ ಕೊಟ್ಟರೆ ಗುಟ್ಟು ಎಲ್ಲಿ ಉಳಿಯಿತು? ನನ್ನ ಕೇಳಿದರೆ ಜಿಲ್ಲಾಸ್ಪತ್ರೆಯ ಗಾಲಿಕುರ್ಚಿ ತಳ್ಳುವ ಕೆಲಸ ವಾಸಿ. ಅಲ್ಲಿ ಯಾರೂ ಯಾರ ಮಗ ಎಂದು ಕೇಳುವುದಿಲ್ಲ, ತಳ್ಳುವವ ಸಿಕ್ಕರೆ ಸಾಕಾಗಿರುತ್ತದೆ.

ಗುರುತಿನ ವಿಷಯಕ್ಕೆ ಇನ್ನೊಂದು ಮಾತು. ನಮ್ಮ ವಾಟ್ಸಾಪ್ ಗುಂಪುಗಳು ಹೆಸರು ಹಾಕದೆ 'ಇಂಥ ಊರಿನ, ಇಂಥ ಕಾಲೇಜಿನ, ಇಂಥವರ ತೋಟದ ಕೆಲಸದವನ ಮಗ' ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ನೂರು ಮನೆಯ ಊರಲ್ಲಿ ಇದಕ್ಕಿಂತ ಸ್ಪಷ್ಟ ಹೆಸರು ಬೇಕೆ? ಕಲಂ ನಿಷೇಧಿಸುವುದು ಹೆಸರನ್ನಷ್ಟೇ ಅಲ್ಲ. ವಿಳಾಸ, ಶಾಲೆ, ಗುರುತು ಹಿಡಿಯಲು ದಾರಿಯಾಗುವ ಯಾವ ವಿವರವನ್ನೂ ಹಾಕುವಂತಿಲ್ಲ.

ಇನ್ನು 20ರವನು. ಅವನು ವಯಸ್ಕ. ಆದರೆ ಅವನಿಗೂ ಒಂದು ಹಳೆಯ ಕೊಡೆ ಇದೆ, 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ. ಅದರ 6ನೇ ಕಲಂ ಪ್ರಕಾರ 21 ತುಂಬದವನ ಅಪರಾಧ ರುಜುವಾದಾಗ, ಅದು ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ, ನೇರವಾಗಿ ಜೈಲಿಗೆ ಕಳಿಸುವಂತಿಲ್ಲ. ಮೊದಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು. ಬುದ್ಧಿ ಹೇಳಿ ಬಿಡುವುದೋ, ಮುಚ್ಚಳಿಕೆ ಬರೆಸಿಕೊಂಡು ಬಿಡುವುದೋ ಇವನಿಗೆ ಯಾಕೆ ಒಗ್ಗುವುದಿಲ್ಲ ಎಂಬುದಕ್ಕೆ ನ್ಯಾಯಾಧೀಶರು ಕಾರಣ ಬರೆಯಬೇಕು. ಆಮೇಲಷ್ಟೇ ಜೈಲು.

ಇಲ್ಲೊಂದು ಗುಂಡಿ ಇದೆ, ವಕೀಲರೂ ಮುಗ್ಗರಿಸುವಂಥದ್ದು. 17ರವನಿಗೆ ಲೆಕ್ಕ ಹಿಡಿಯುವುದು ಕಳವಾದ ದಿನದ ವಯಸ್ಸು. 20ರವನಿಗೆ ಹಾಗಲ್ಲ, ವಿಚಾರಣಾ ನ್ಯಾಯಾಲಯ ಅವನನ್ನು ತಪ್ಪಿತಸ್ಥ ಎಂದು ಹೇಳುವ ದಿನದ ವಯಸ್ಸು ಮುಖ್ಯ ಎಂದು ಸುಪ್ರೀಂ ಕೋರ್ಟ್ ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಹೇಳಿ ಆರು ದಶಕ ದಾಟಿತು. ಅಂದರೆ ಸಾಕ್ಷಿ ಬರಲಿಲ್ಲ, ವಾಯಿದೆ ಬಿತ್ತು, ವರ್ಗಾವಣೆಯಾಯಿತು ಎಂದು ಪ್ರಕರಣ ಎಳೆದಾಡಿ ಅವನಿಗೆ 21 ತುಂಬಿದರೆ 6ನೇ ಕಲಂನ ಕೊಡೆ ಹಾರಿಹೋಗುತ್ತದೆ. ತಡ ಮಾಡಿದ್ದು ಅವನಲ್ಲ, ನೆನೆಯುವವ ಅವನು.

ಆಗ ಅವನೂ 23ರವನ ಸಾಲಿಗೆ. ಆ ಸಾಲಿನವರಿಗೆ 4ನೇ ಕಲಂ ಇದೆ, ಆದರೆ ಅದು ಹಕ್ಕಲ್ಲ, ನ್ಯಾಯಾಧೀಶರ ವಿವೇಚನೆ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧವಲ್ಲದಿದ್ದರೆ, ಶಿಕ್ಷೆಯನ್ನು ಸದ್ಯಕ್ಕೆ ಬದಿಗಿಟ್ಟು, ಮೂರು ವರ್ಷ ಮೀರದ ಅವಧಿಗೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಜತೆಗೆ ಅಧಿಕಾರಿಯ ಮೇಲ್ವಿಚಾರಣೆಯ ಆದೇಶ ಹೊರಡಿಸಿದರೆ ಅದು ಕನಿಷ್ಠ ಒಂದು ವರ್ಷದ್ದಾಗಿರಬೇಕು. ಎಲ್ಲಿ ವಾಸ, ಯಾರ ಸಹವಾಸ, ಕುಡಿತ ಬಿಡಬೇಕೋ, ಎಲ್ಲ ಷರತ್ತಿನಲ್ಲಿ ಬರುತ್ತದೆ. ಮೀರಿದರೆ ಬದಿಗಿಟ್ಟ ಶಿಕ್ಷೆ ತಿರುಗಿ ಬರುತ್ತದೆ. ಮೊದಲ ಸಲದ ತಪ್ಪಾದರೆ ಮುಚ್ಚಳಿಕೆ ಮುಂದುವರಿಸಿಯೇ 50 ರೂಪಾಯಿವರೆಗೆ ದಂಡ ಹಾಕಿ ಎಚ್ಚರಿಸಬಹುದು. 1958ರ 50 ರೂಪಾಯಿ, ಇವತ್ತಿಗೂ ಅಷ್ಟೇ. ಈಗ ಒಂದು ಮಸಾಲೆ ದೋಸೆಯ ದುಡ್ಡು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮತ್ತೊಂದು ಬಾಗಿಲು ಸೇರಿಸಿತು. ಸಮುದಾಯ ಸೇವೆಯನ್ನೇ ಶಿಕ್ಷೆಯಾಗಿ ಆರು ಬಗೆಯ ಅಪರಾಧಗಳಿಗೆ ಇಟ್ಟಿದ್ದಾರೆ. ಅವುಗಳಲ್ಲಿ ನಮಗೆ ಬೇಕಾದದ್ದು ಸಣ್ಣ ಕಳವು. ಮಾಲಿನ ಬೆಲೆ 5000 ರೂಪಾಯಿಗಿಂತ ಕಡಿಮೆ ಇರಬೇಕು, ಅಪರಾಧಿ ಮೊದಲ ಸಲ ಶಿಕ್ಷೆಗೆ ಒಳಗಾಗುತ್ತಿರಬೇಕು, ಮಾಲು ಅಥವಾ ಅದರ ಬೆಲೆ ಹಿಂದಿರುಗಿಸಿರಬೇಕು. ಆಗ ಸಮುದಾಯ ಸೇವೆಯೇ ಶಿಕ್ಷೆ. ಚಾಲಿ ಕಿಲೋಗೆ 400 ರೂಪಾಯಿ ಎಂದು ಹಿಡಿಯೋಣ. 12 ಕಿಲೋ ಕದ್ದರೆ 4800, ಸಮುದಾಯ ಸೇವೆ. 13 ಕಿಲೋ ಕದ್ದರೆ 5200, ಮೂರು ವರ್ಷದವರೆಗಿನ ಜೈಲಿಗೆ ಬಾಗಿಲು ತೆರೆದಂತೆ. ಅದೂ ಅಡಿಕೆ ಅಂಗಳದಲ್ಲಿದ್ದರೆ. ಅದೇ ಅಡಿಕೆ ಉಗ್ರಾಣದೊಳಗಿದ್ದಿದ್ದರೆ ಅದು ಕಟ್ಟಡದೊಳಗಿನ ಕಳವು, ಏಳು ವರ್ಷದವರೆಗಿನ ಬೇರೆಯೇ ಕಲಂ, ಅಲ್ಲಿ ಈ ರಿಯಾಯಿತಿ ಇಲ್ಲ. ಅಪರಾಧಿಯ ಹಣೆಬರಹ ಮಂಡಿಯ ಧಾರಣೆ ಮತ್ತು ಮನೆಯವರು ಅಡಿಕೆ ಒಳಗಿಟ್ಟರೋ ಹೊರಗಿಟ್ಟರೋ ಎಂಬುದರ ಮೇಲೆ ನಿಂತಿರುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಎಷ್ಟು ಗಂಟೆ ಸೇವೆ, ಯಾರ ಕೈಕೆಳಗೆ ಎಂಬುದನ್ನೂ ಸಂಹಿತೆ ಹೇಳಿಲ್ಲ. ಅದರ ಜತೆಗೇ ಬಂದ, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆ ಸಮಾಜಕ್ಕೆ ಉಪಯೋಗವಾಗುವ, ಸಂಬಳವಿಲ್ಲದ ಕೆಲಸ ಎಂದಷ್ಟೇ ಹೇಳಿ ಉಳಿದದ್ದನ್ನು ನ್ಯಾಯಾಲಯಕ್ಕೆ ಬಿಟ್ಟಿದೆ.

ಇದೆಲ್ಲ ಹೊಸ ಕಾಲದ ಉದಾರತನ ಎಂದುಕೊಳ್ಳಬೇಡಿ. ಸಣ್ಣ ಅಪರಾಧ ಮಾಡಿದ ಮಕ್ಕಳನ್ನು ಜೈಲಿನ ಬದಲು ಕಸುಬು ಕಲಿಯಲು ಹಚ್ಚುವ ಕಾನೂನು 1850ರಲ್ಲೇ ಬಂದಿತ್ತು. ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರ್ 1880ರ ದಶಕದಲ್ಲಿ ಕಾರವಾರದ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರರು ಬಂದು ಕಾಳಿ ನದಿಯಲ್ಲಿ ದೋಣಿ ಹತ್ತಿದ್ದನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ, ಅಣ್ಣನ ಕೋರ್ಟಿನ ಮುಂದೆ ಬಂದು ನಿಂತ ಹುಡುಗರನ್ನು ಯಾರೂ ನೆನೆಯುವುದಿಲ್ಲ.

ಕರಾವಳಿಗೆ ಇಳಿದರೆ ಪ್ರಶ್ನೆ ಅಡಿಕೆಯಿಂದ ಗಾಂಜಾಕ್ಕೆ ಹೊರಳುತ್ತದೆ. ಗೋಕರ್ಣದ ಹೆಸರು ಬಂದರೆ ಕುಟುಂಬಗಳು ಸುಮ್ಮನಾಗುವುದು ಇದಕ್ಕೇ. ಮಾದಕ ವಸ್ತು ಕಾಯ್ದೆ ಕಠೋರ ಎಂಬುದು ಎಲ್ಲರಿಗೂ ಗೊತ್ತು, ಅದರ 39ನೇ ಕಲಂ ಬಗ್ಗೆ ಗೊತ್ತಿರುವವರು ಕಡಿಮೆ. ಸೇವನೆಗಾಗಿ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕಾಗಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನು ಒಪ್ಪಿದರೆ, ಕೂಡಲೇ ಶಿಕ್ಷಿಸದೆ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯ ಚಿಕಿತ್ಸೆಗೆ ಬಿಡಬಹುದು. ವರ್ಷದೊಳಗೆ ಅವನು ವೈದ್ಯಕೀಯ ವರದಿ ಹಿಡಿದು ಕೋರ್ಟಿಗೆ ಬರಬೇಕು. ವರದಿ ತೃಪ್ತಿಕರವಾಗಿದ್ದರೆ ಮೂರು ವರ್ಷದವರೆಗೆ ಮುಟ್ಟುವುದಿಲ್ಲ ಎಂಬ ಮುಚ್ಚಳಿಕೆ ಮೇಲೆ ಬಿಡುಗಡೆ. ಮಾರಾಟಗಾರನಿಗೆ ಈ ಬಾಗಿಲಿಲ್ಲ. ತಾನಾಗಿ ಬಾಯಿಬಿಟ್ಟು "ನನಗೆ ಚಿಕಿತ್ಸೆ ಬೇಕು" ಎಂದು ಕೇಳುವವರಿಗೆ 64ಎ ಕಲಂ ಇದೆ, ಆದರೆ ಅರ್ಧಕ್ಕೆ ಚಿಕಿತ್ಸೆ ಬಿಟ್ಟರೆ ಆ ರಕ್ಷಣೆ ಹಿಂದಕ್ಕೆ ಹೋಗಬಹುದು.

ಕೊಲೆ, ಅತ್ಯಾಚಾರದಂಥ ಘೋರ ಕೃತ್ಯವಾದರೆ? ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿರುವ ಅಪರಾಧದಲ್ಲಿ, 16 ದಾಟಿದ ಹುಡುಗನ ಮನಸ್ಥಿತಿ, ತಿಳಿವಳಿಕೆಗಳನ್ನು ಅಳೆದು, ದೊಡ್ಡವರಂತೆ ವಿಚಾರಣೆಗೆ ಒಳಪಡಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ಈ ಅಳತೆಗೆ ಮನಶ್ಶಾಸ್ತ್ರಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಅಲ್ಲೂ ಮರಣದಂಡನೆ ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ.

ಕಾಗದದ ಮೇಲೆ ಇಷ್ಟೆಲ್ಲ ಚೆನ್ನಾಗಿದೆ. ಇನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ನಕ್ಷೆ ನೋಡಿ. 10 ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ನೆಲ, 12 ತಾಲೂಕು, ನಡುವೆ ಘಟ್ಟ, ಜಿಲ್ಲಾ ಕೇಂದ್ರ ಮಾತ್ರ ಗೋವಾ ಗಡಿಗೆ ಅಂಟಿಕೊಂಡಿರುವ ಕಾರವಾರ. ಶಿರಸಿಯಿಂದಲೇ ಅದು ನೂರು ಕಿಲೋಮೀಟರಿಗೂ ಹೆಚ್ಚು, ಬನವಾಸಿ ಕಡೆಯಿಂದ, ಮುಂಡಗೋಡದಿಂದ ಇನ್ನೂ ದೂರ. ಒಂದು ವಾಯಿದೆಗೆ ಹೋಗಿಬರುವುದೆಂದರೆ ಅಮ್ಮನ ಒಂದು ದಿನದ ಕೂಲಿ ಹೋಯಿತು, ಇಬ್ಬರ ಬಸ್ ಚಾರ್ಜು ಹೋಯಿತು. ಮಳೆಗಾಲದಲ್ಲಿ ದೇವಿಮನೆ ಘಾಟ್ ಏನು ಮಾಡುತ್ತದೋ ಹೇಳಲಾಗದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಹಾಜರಾಗದ ಹುಡುಗನನ್ನು 'ಷರತ್ತು ಮುರಿದವ' ಎಂದು ಬರೆಯುವುದು ಸುಲಭ. ಬಸ್ಸೇ ಬರಲಿಲ್ಲ ಎಂಬುದು ಕಡತಕ್ಕೆ ಸೇರುವುದಿಲ್ಲ, ಯಾರಾದರೂ ಹೋಗಿ ಹೇಳದಿದ್ದರೆ. ಆ 'ಯಾರಾದರೂ' ಸಾಮಾನ್ಯವಾಗಿ ಪ್ರೊಬೇಷನ್ ಅಧಿಕಾರಿ ಇಲ್ಲವೇ ಉಚಿತ ಕಾನೂನು ನೆರವಿನ ವಕೀಲ. ತಾಲೂಕು ಕೋರ್ಟುಗಳಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಮಕ್ಕಳಿಗೆ ಈ ನೆರವು ಪಡೆಯಲು ಆದಾಯ ಮಿತಿ ಇಲ್ಲ.

ಮೂರು ವರ್ಷ ಸರಿಯಾಗಿ ದಾಟಿದರೆ ಸಿಗುವುದೇನು? 17ರವನಿಗೆ ಹೆಚ್ಚಿನದು ಸಿಗುತ್ತದೆ: ಈ ಪ್ರಕರಣದಿಂದ ಯಾವ ಅನರ್ಹತೆಯೂ ತಟ್ಟುವುದಿಲ್ಲ, ದಾಖಲೆಯನ್ನೂ ನಿಗದಿತ ಕಾಲದ ನಂತರ ನಾಶ ಮಾಡಬೇಕು. ಸೀಬರ್ಡ್ ನೌಕಾನೆಲೆಯಲ್ಲೋ ಕೈಗಾದಲ್ಲೋ ಗುತ್ತಿಗೆ ಕೆಲಸಕ್ಕೆ ಹೋಗಲೂ ಪೊಲೀಸ್ ವೆರಿಫಿಕೇಷನ್ ಕೇಳುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಪ್ರೊಬೇಷನ್ ಪಡೆದ ಉಳಿದಿಬ್ಬರಿಗೂ 1958ರ ಅಧಿನಿಯಮದ 12ನೇ ಕಲಂ ಅನರ್ಹತೆಯಿಂದ ರಕ್ಷಣೆ ಕೊಡುತ್ತದೆ, ಆದರೆ ತಪ್ಪಿತಸ್ಥ ಎಂಬ ತೀರ್ಮಾನ ಅಳಿಸಿಹೋಗುವುದಿಲ್ಲ.

ಇಷ್ಟು ಹೊತ್ತು ಅಡಿಕೆ ಕಳಕೊಂಡವರನ್ನು ಮರೆತೇಬಿಟ್ಟೆವು. ಅವರ ಸಿಟ್ಟಿಗೂ ಅರ್ಥವಿದೆ. ವರ್ಷವಿಡೀ ಕೊಳೆರೋಗದ ಜತೆ ಗುದ್ದಾಡಿ ಉಳಿಸಿಕೊಂಡ ಫಸಲು ಅದು. ದೊಡ್ಡವರಿಬ್ಬರನ್ನು ಪ್ರೊಬೇಷನ್ ಮೇಲೆ ಬಿಡುವಾಗ ನಷ್ಟ ಪರಿಹಾರವನ್ನೂ, ಖಟ್ಲೆಯ ಖರ್ಚನ್ನೂ ಕೊಡಿಸುವ ಅಧಿಕಾರ ಅದೇ ಅಧಿನಿಯಮದ 5ನೇ ಕಲಂನಲ್ಲಿ ಕೋರ್ಟಿಗಿದೆ, ಕೇಳಬೇಕು ಅಷ್ಟೇ. ಜಪ್ತಿಯಾದ ಚೀಲ ಮಾತ್ರ ಠಾಣೆಯ ಮೂಲೆಯಲ್ಲಿ ಕೂತಿರುತ್ತದೆ. ಅರೆಬರೆ ಒಣಗಿದ ಅಡಿಕೆ, ಕೆಳಗೆ ಸಿಮೆಂಟು ನೆಲ, ಜೂನ್ ಬಂತೆಂದರೆ ಬೂಸಲು ಹಿಡಿದು ಧಾರಣೆಯೇ ಇಲ್ಲ. ಫೋಟೊ, ವಿಡಿಯೊ ತೆಗೆದು, ವಿವರ ಬರೆದಿಟ್ಟುಕೊಂಡು ಮಾಲನ್ನು ಬೇಗ ಹಿಂದಿರುಗಿಸಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿದೆ. ಹುಡುಗರಿಗೆ ಏನಾಯಿತು ಎಂದು ಕಾಯುತ್ತ ಕೂರದೆ, ಮಳೆ ಹಿಡಿಯುವ ಮೊದಲು ಮ್ಯಾಜಿಸ್ಟ್ರೇಟರಿಗೆ ಒಂದು ಅರ್ಜಿ ಕೊಟ್ಟು ಚೀಲ ಬಿಡಿಸಿಕೊಂಡು ಬರುವುದು ಒಳ್ಳೆಯದು.